ಗೀಚುವ ಕೈಗೆ ಅಂಟಿದ ಅಪವಾದಗಳು

ಬಾಗಲಕೋಟೆಯ ಕಚೇರಿ ಸಭೆಯಿರಲಿ, ಹುನಗುಂದದ ಶಾಲೆಯಿರಲಿ, ಇಳಕಲ್ಲಿನ ಸೀರೆ ಅಂಗಡಿಯಿರಲಿ, ಒಂದು ಕೈಯಾದರೂ ಸುಮ್ಮನೆ ಗೀಚುತ್ತಿರುತ್ತದೆ. ಫೋನಿನಲ್ಲಿ ಗಿರಾಕಿಯ ಜೊತೆ ಮಾತು ನಡೆದಿರುತ್ತದೆ, ಬಿಲ್ ಪುಸ್ತಕದ ಹಿಂಬದಿಯಲ್ಲಿ ಸುರುಳಿ, ಚೌಕ, ಹೂವು, ಕಣ್ಣು ಒಂದರ ಪಕ್ಕ ಒಂದು ಹುಟ್ಟುತ್ತಿರುತ್ತವೆ. ಇಂಥ ಗೀಚಾಟಕ್ಕೆ ಈಗ ಎಲ್ಲರೂ ಡೂಡ್ಲಿಂಗ್ ಎನ್ನುತ್ತಾರೆ. ಇದರ ಬಗ್ಗೆ ನಮ್ಮಲ್ಲಿ ಬೈಗುಳವೂ ಹೆಚ್ಚು, ಈಚೆಗೆ ಹೊಗಳಿಕೆಯೂ ಹೆಚ್ಚು. ಎರಡರಲ್ಲೂ ತಪ್ಪುಗಳಿವೆ.

ತಪ್ಪು ಕಲ್ಪನೆ: ಗೀಚುವವರ ಲಕ್ಷ್ಯ ಪಾಠದ ಮೇಲಿರುವುದಿಲ್ಲ

“ಏನ್ ಗೀಚಾಕತ್ತೀಯೋ? ಇತ್ಲಾಗ ಲಕ್ಷ್ಯ ಕೊಡು!” ಈ ಮಾತು ಕೇಳದೆ ನಮ್ಮ ಕಡೆ ಶಾಲೆ ಮುಗಿಸಿದವರು ವಿರಳ.

ವಾಸ್ತವ: ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಜಾಕಿ ಆಂಡ್ರೇಡ್ 2009ರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. 40 ಜನರಿಗೆ ಎರಡೂವರೆ ನಿಮಿಷದ ಒಂದು ನೀರಸ ಫೋನ್ ಸಂದೇಶ ಕೇಳಿಸಿದರು. ಔತಣಕ್ಕೆ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂಬಂಥ ಮಾತು. ಅರ್ಧ ಜನ ಸುಮ್ಮನೆ ಕೇಳಿದರು. ಉಳಿದರ್ಧ ಜನ ಕೇಳುತ್ತಲೇ ಕಾಗದದ ಮೇಲಿನ ಆಕೃತಿಗಳಿಗೆ ಪೆನ್ಸಿಲಿನಿಂದ ಬಣ್ಣ ತುಂಬಿದರು. ಆಮೇಲೆ ಮುನ್ಸೂಚನೆ ಇಲ್ಲದೆ ನೆನಪಿನ ಪರೀಕ್ಷೆ. ಕೈಯಾಡಿಸಿದವರಿಗೆ ಶೇಕಡಾ 29ರಷ್ಟು ಹೆಚ್ಚು ವಿವರ ನೆನಪಿತ್ತು. ಬೇಸರದ ಮಾತು ಕೇಳುವಾಗ ಮನಸ್ಸು ಹಗಲುಗನಸಿಗೆ ಜಾರುತ್ತದೆ, ಕೈಗೊಂದು ಹಗುರ ಕೆಲಸ ಸಿಕ್ಕರೆ ಆ ಜಾರುವಿಕೆ ತಪ್ಪಬಹುದು ಎಂಬುದು ಆಂಡ್ರೇಡ್ ಕೊಟ್ಟ ವಿವರಣೆ.

ಈ ಅಂಕಿ ಹಿಡಿದುಕೊಂಡು ಎಲ್ಲ ಗೀಚಾಟಕ್ಕೂ ಜೈ ಎನ್ನುವವರಿದ್ದಾರೆ. ಅವಸರ ಬೇಡ. ಅಲ್ಲಿ ಆಕೃತಿಗಳನ್ನು ಕೊಟ್ಟಿದ್ದರು, ಕೆಲಸವೂ ಕಿವಿಯದು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೇಳಿದ್ದನ್ನೇ ಚಿತ್ರ ಮಾಡಿದವರು ಚೆನ್ನಾಗಿ ನೆನಪಿಟ್ಟುಕೊಂಡರು, ಮನಬಂದಂತೆ ಗೀಚಿದವರು ಹಿಂದೆ ಬಿದ್ದರು. ಹಾಗಾಗಿ ಶಿಕ್ಷಕರಿಗೆ ನನ್ನ ಸಲಹೆ ಇಷ್ಟು: ನೀವು ಕತೆ ಹೇಳುವಾಗ ಹುಡುಗಿಯೊಬ್ಬಳು ಅಂಚಿನಲ್ಲಿ ಬಳ್ಳಿ ಬಿಡಿಸುತ್ತಿದ್ದರೆ ಬಿಡಿ. ಹಲಗೆಯ ಮೇಲೆ ಲೆಕ್ಕ ಬಿಡಿಸುವಾಗ ಮಾತ್ರ ಪೆನ್ನು ಕೆಳಗಿಡಲು ಹೇಳಿ, ಯಾಕೆಂದರೆ ಆಗ ಅವಳ ಕಣ್ಣು ನಿಮಗೆ ಬೇಕು.

ತಪ್ಪು ಕಲ್ಪನೆ: ಚಿತ್ರ ಬರೆಯಲು ಬರುವವರಿಗೆ ಮಾತ್ರ ಇದು

ವಾಸ್ತವ: ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಗಿರಿಜಾ ಕೈಮಲ್ ಮತ್ತು ಸಂಗಡಿಗರು 2016ರಲ್ಲಿ 39 ವಯಸ್ಕರಿಗೆ 45 ನಿಮಿಷ ಬಣ್ಣ, ಜೇಡಿ, ಕಾಗದ ಕೊಟ್ಟು ತೋಚಿದ್ದನ್ನು ಮಾಡಲು ಬಿಟ್ಟರು. ಮೊದಲೂ ಆಮೇಲೂ ಜೊಲ್ಲಿನ ಮಾದರಿ ತೆಗೆದುಕೊಂಡು, ಒತ್ತಡದೊಂದಿಗೆ ಏರುವ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಅಳೆದರು. ಸುಮಾರು ಮುಕ್ಕಾಲು ಪಾಲು ಜನರಲ್ಲಿ ಅದು ಇಳಿದಿತ್ತು. ಕಲೆಯ ಅನುಭವ ಇದ್ದವರಿಗೆ ಹೆಚ್ಚು, ಇಲ್ಲದವರಿಗೆ ಕಡಿಮೆ ಎಂಬ ಭೇದವೇನೂ ಕಾಣಲಿಲ್ಲ. ಅಧ್ಯಯನ ಚಿಕ್ಕದು, ನಿಜ. ಆದರೆ “ನನಗೆ ಚಿತ್ರ ಬರಂಗಿಲ್ಲ” ಎಂದು ಕೈ ಕಟ್ಟಿ ಕೂತವರಿಗೆ ಅದು ಧೈರ್ಯ ಕೊಡುವ ಫಲಿತಾಂಶ.

ರವೀಂದ್ರನಾಥ ಠಾಕೂರರನ್ನೇ ನೋಡಿ. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಅವರು ಸುಮ್ಮನೆ ಬಿಡುತ್ತಿರಲಿಲ್ಲ, ಒಂದಕ್ಕೊಂದು ಜೋಡಿಸಿ ಹಕ್ಕಿ, ಮುಖವಾಡ, ಹೆಸರಿಲ್ಲದ ಪ್ರಾಣಿಗಳನ್ನು ಮಾಡುತ್ತಿದ್ದರು. 1924ರಲ್ಲಿ ಅರ್ಜೆಂಟೀನಾದಲ್ಲಿ ತಂಗಿದ್ದಾಗ ‘ಪೂರಬಿ’ ಕವನಗಳ ಹಸ್ತಪ್ರತಿಯಲ್ಲಿ ಇವನ್ನು ಕಂಡು ಅಲ್ಲಿನ ಲೇಖಕಿ ವಿಕ್ಟೋರಿಯಾ ಒಕಾಂಪೊ ಬೆರಗಾದರು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಠಾಕೂರರ ಮೊದಲ ಚಿತ್ರಪ್ರದರ್ಶನ ನಡೆದಾಗ ಕವಿಗೆ ಎಪ್ಪತ್ತು ಹತ್ತಿರವಾಗಿತ್ತು. ಎಲ್ಲರ ಗೀಚಾಟವೂ ಪ್ಯಾರಿಸ್ಸಿಗೆ ಹೋಗಬೇಕಿಲ್ಲ. ತಪ್ಪಿದ ಸಾಲಿನ ಜೊತೆಗೂ ಆಟವಾಡಬಹುದೆಂಬುದೇ ನನಗೆ ಇಲ್ಲಿ ಮುಖ್ಯ.

ತಪ್ಪು ಕಲ್ಪನೆ: ನಮ್ಮ ರಂಗೋಲಿ, ಕಸೂತಿ ಎಲ್ಲವೂ ಡೂಡ್ಲಿಂಗೇ

ಅಭಿಮಾನದಿಂದ ಹೇಳುವ ಮಾತಿದು. ಆದರೂ ಒಪ್ಪಲಾರೆ.

ವಾಸ್ತವ: ಇಳಕಲ್ ಸೀರೆಯ ಮೇಲೆ ಕಸೂತಿ ಹಾಕುವ ಹೆಣ್ಣುಮಗಳ ಕೈ ನೋಡಿ. ಬಟ್ಟೆಯ ಮೇಲೆ ಮೊದಲೇ ಗೆರೆ ಎಳೆದುಕೊಳ್ಳುವುದಿಲ್ಲ, ಹಾಗಾಗಿ ನೋಡುವವರಿಗೆ ಮನಸ್ಸಿಗೆ ಬಂದಂತೆ ಸೂಜಿ ಓಡಿದ ಹಾಗೆ ಕಾಣುತ್ತದೆ. ಆದರೆ ಅವಳು ಒಳಗೊಳಗೇ ಎಳೆ ಎಣಿಸುತ್ತಿರುತ್ತಾಳೆ. ಗಾವಂತಿ ಹೊಲಿಗೆಯಲ್ಲಿ ಸೂಜಿ ಒಂದು ಸಲ ಎಳೆ ಬಿಟ್ಟು ಬಿಟ್ಟು ಹೋಗಿ, ಹಿಂದಿರುಗುವಾಗ ಅದೇ ದಾರಿಯಲ್ಲಿ ಖಾಲಿ ಜಾಗ ತುಂಬಿಕೊಂಡು ಬರಬೇಕು. ಮುರಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಎರಡರಲ್ಲೂ ಗಂಟು ಕಾಣಬಾರದು, ಮುಂಬದಿ ಹಿಂಬದಿ ಒಂದೇ ಇರಬೇಕು. ನೇಯ್ಗೆ, ಮೆಂತೆ ಹೊಲಿಗೆಗಳಿಗೆ ಅವುಗಳದೇ ಲೆಕ್ಕ. ಗೋಪುರ, ತೇರು, ತುಳಸಿಕಟ್ಟೆ, ತೊಟ್ಟಿಲು, ಆನೆ ಇವೆಲ್ಲ ಈ ಎಣಿಕೆಯಿಂದಲೇ ಮೂಡುತ್ತವೆ. ಒಂದೆಳೆ ತಪ್ಪಿದರೆ ಬಿಚ್ಚಬೇಕು. ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಕೂಡಿಸುವ ಇಳಕಲ್ಲಿನ ನೇಕಾರರ ಕೆಲಸವೂ ಹಾಗೆಯೇ, ಕೈಬಿಟ್ಟು ಮಾಡುವಂಥದ್ದಲ್ಲ. ಚುಕ್ಕಿ ರಂಗೋಲಿಯಲ್ಲೂ ಚುಕ್ಕಿಗಳ ಲೆಕ್ಕ ತಪ್ಪುವಂತಿಲ್ಲ.

ಇವು ವಿದ್ಯೆಗಳು. ಕಲಿಯಲು ವರ್ಷಗಳು ಬೇಕು, ಅನೇಕರಿಗೆ ಅದೇ ಹೊಟ್ಟೆಪಾಡು. ಅವನ್ನು ಕಾಲಕ್ಷೇಪದ ಗೀಚಾಟ ಎಂದರೆ ಆ ಶ್ರಮದ ಬೆಲೆ ಇಳಿಸಿದಂತೆ. ಡೂಡ್ಲಿಂಗಿನ ಸುಖವೇ ಬೇರೆ: ಇಲ್ಲಿ ಎಳೆ ತಪ್ಪಲು ಎಳೆಯೇ ಇಲ್ಲ, ಬಿಚ್ಚುವ ಪ್ರಸಂಗವೂ ಬರುವುದಿಲ್ಲ. ಕಸೂತಿಯ ತೇರನ್ನು ನೋಡಿ ನೋಟ್‌ಬುಕ್ಕಿನಲ್ಲಿ ವಾರೆಕೋರೆ ತೇರು ಬಿಡಿಸಿ, ಅದಕ್ಕೆ ಏಳು ಗಾಲಿ ಹಚ್ಚಿ, ಯಾರೂ ಬೇಡ ಎನ್ನುವುದಿಲ್ಲ.

ತಪ್ಪು ಕಲ್ಪನೆ: ದುಬಾರಿ ಪೆನ್ನು, ವಿಶೇಷ ಪುಸ್ತಕ ಬೇಕು

ವಾಸ್ತವ: ಬಾಲ್ ಪೆನ್ನು, ಹಳೇ ಲಗ್ನಪತ್ರಿಕೆಯ ಖಾಲಿ ಮಗ್ಗುಲು ಸಾಕು.

ತಪ್ಪು ಕಲ್ಪನೆ: ಗೀಚಿದ್ದು ನೋಡಿ ಸ್ವಭಾವ ಹೇಳಬಹುದು, ಗೀಚಿದರೆ ಕಾಯಿಲೆಯೂ ವಾಸಿ

ವಾಸ್ತವ: ಸುರುಳಿ ಬರೆದವನಿಗೆ ಚಿಂತೆ, ಬಾಣ ಬರೆದವನಿಗೆ ಹಟ ಎಂಬ ಫಲಜ್ಯೋತಿಷ್ಯಕ್ಕೆ ಗಟ್ಟಿ ಆಧಾರವಿಲ್ಲ. ಮಗು ಕಪ್ಪು ಬಣ್ಣ ಬಳಿಯಿತೆಂದು ಗಾಬರಿಯಾಗುವ ಮೊದಲು ಕೈಗೆ ಸಿಕ್ಕಿದ್ದು ಅದೊಂದೇ ಬಳಪವೇ ಎಂದು ನೋಡಿ. ಇನ್ನು ವಾಸಿಯ ಮಾತು. ದಣಿದ ಸಂಜೆ ಹತ್ತು ನಿಮಿಷ ಗೆರೆ ಎಳೆದರೆ ಮನಸ್ಸು ಹಗುರಾಗಬಹುದು. ಆದರೆ ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ವೈದ್ಯರನ್ನು ಕಾಣಲೇಬೇಕು, ನೋಟ್‌ಬುಕ್ಕು ಆ ಕೆಲಸ ಮಾಡದು.

ತಪ್ಪು ಕಲ್ಪನೆ: ಚಾಲುಕ್ಯರ ಶಿಲ್ಪಿಗಳೇ ಬಂಡೆ ಮೇಲೆ ಗೀಚಿದ್ದರು, ನಾವು ಗೀಚಿದರೇನು

ವಾಸ್ತವ: ಇದರ ಮೊದಲರ್ಧ ನಿಜ, ಸುಂದರವಾದ ನಿಜ. ಪಟ್ಟದಕಲ್ಲಿನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಚಾಲುಕ್ಯರ ಕಾಲದ ಕಲ್ಲುಗಣಿಯಿದೆ. ಅಲ್ಲಿನ ಬಂಡೆಗಳ ಮೇಲೆ ಕೆಲಸಗಾರರ ಹೆಸರುಗಳಿವೆ, ಗೆರೆಯಲ್ಲೇ ಕೊರೆದ ಆಕೃತಿಗಳಿವೆ. ಬಿಸಿಲಲ್ಲಿ ಕಲ್ಲು ಸೀಳುವ ಕೆಲಸದ ನಡುವೆ ಅವರಿಗೂ ಕೈ ತುರಿಸಿರಬೇಕು ಎಂದುಕೊಳ್ಳಲು ನನಗೆ ಇಷ್ಟ. ಅವುಗಳಲ್ಲಿ ಯಾವುದು ಆಟ, ಯಾವುದು ಕೆಲಸದ ಗುರುತು ಎಂದು ಬೇರ್ಪಡಿಸುವುದು ಸುಲಭವಲ್ಲ. ಬಾದಾಮಿಯ ಹತ್ತಿರದ ಸಿಡಿಲಫಡಿಯಲ್ಲಿ ಇನ್ನೂ ಹಿಂದಿನವರ, ಇತಿಹಾಸಪೂರ್ವ ಕಾಲದವರ ಕೆಂಪು ಬಣ್ಣದ ಚಿತ್ರಗಳಿವೆ. ಅವನ್ನು ಡೂಡ್ಲಿಂಗ್ ಎನ್ನುವ ಧೈರ್ಯ ನನಗಿಲ್ಲ, ಅವರಿಗೆ ಅವು ಏನಾಗಿದ್ದವೋ!

ಆದರೆ ಅವರು ಗೆರೆ ಎಳೆದದ್ದು ತಮ್ಮ ಕಾಲದ ಬರಿಗಲ್ಲಿನ ಮೇಲೆ. ನಾವು ಕೀಲಿಕೈಯಿಂದ ಹೆಸರು ಕೆತ್ತುವುದು ಇನ್ನೊಬ್ಬರ ಕೃತಿಯ ಮೇಲೆ. ಬಾದಾಮಿಯ ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ, ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುತಿ ಗುಡಿಯಲ್ಲಿ ಕವಿ ರವಿಕೀರ್ತಿಯ 634ರ ಶಾಸನವಿದೆ. ಮೃದುವಾದ ಮರಳುಗಲ್ಲು, ಒಮ್ಮೆ ಗೀರಿದರೆ ಅದನ್ನು ಅಳಿಸಲು ಮತ್ತಷ್ಟು ಕಲ್ಲು ಉಜ್ಜಬೇಕು. ಸಂರಕ್ಷಿತ ಸ್ಮಾರಕಗಳನ್ನು ವಿರೂಪಗೊಳಿಸಿದರೆ 1958ರ ಕಾಯ್ದೆ ಮತ್ತು ಅದರ 2010ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಸೆರೆವಾಸ, ಇಲ್ಲವೇ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಜಿಲ್ಲೆಯ ಶಾಲೆಗಳು ಪ್ರವಾಸಕ್ಕೆ ಬಾದಾಮಿ, ಐಹೊಳೆ, ಪಟ್ಟದಕಲ್ಲಿಗೆ ಬಂದೇ ಬರುತ್ತವೆ. ಮಾಸ್ತರರೇ, ಅಕ್ಕೋರೇ, ಮುಂದಿನ ಸಲ ಬಸ್ಸು ಹತ್ತುವ ಮುಂಚೆ ಒಬ್ಬೊಬ್ಬ ಮಗುವಿನ ಕೈಗೂ ಒಂದು ಪೆನ್ಸಿಲ್, ನಾಲ್ಕು ಹಾಳೆ ಕೊಡಿ. ಗುಹೆಯ ಎದುರಿನ ಮೆಟ್ಟಿಲ ಮೇಲೆ ಅರ್ಧ ತಾಸು ಕೂಡಿಸಿ, ಕಂಡದ್ದನ್ನೋ ಕಾಣದ್ದನ್ನೋ ಗೀಚಲು ಬಿಡಿ. ಅಂಕ ಮಾತ್ರ ಹಾಕಬೇಡಿ.