ರಾಡಿಯಲ್ಲಿ ಬಿದ್ದ ಗರಿ

ಉಗಾರ ಖುರ್ದದ ರೈಲು ಸೇತುವೆಯಿಂದ ತುಸು ದೂರ, ಕೃಷ್ಣೆಯ ದಂಡೆಯ ಎರೆಹೊಲದಲ್ಲಿ ಕೂಳೆ ಕಬ್ಬಿಗೆ ನೀರು ಹಾಯಿಸಿದರೆ ಸಾಕು, ಗೋವಕ್ಕಿಗಳು ಇಳಿಯುತ್ತವೆ. ಮುಂದೆ ಸರಿಯುವ ನೀರಿನ ಜೊತೆಜೊತೆಗೇ ನಡೆಯುತ್ತವೆ. ಕತ್ತು ಎಡಬಲ ತೂಗಿ ಒಮ್ಮೆ ಸ್ತಬ್ಧವಾಗುತ್ತದೆ. ಮರುಗಳಿಗೆಗೆ ಬಿರುಕಿನಿಂದೆದ್ದ ಹುಳು ಹಳದಿ ಕೊಕ್ಕಿನಲ್ಲಿ. ಅವು ಹಾರಿಹೋದ ಮೇಲೆ ಸಾಲಿನ ರಾಡಿಯಲ್ಲಿ ಒಂದು ಗರಿ ಉಳಿದಿತ್ತು. ಅದರ ಬಳಿ ಕುಳಿತೆ. ಮುಂದೆಯೂ ಹೋಗಿ ಹೋಗಿ ಕುಳಿತೆ.

ಮೊದಲು ಅದು ಹಾಲುಬಿಳುಪು. ದಿಂಡಿನಿಂದ ಓರೆಯಾಗಿ ಹೊರಟ ಎಳೆಗಳು, ಎಳೆಗೆ ಎಳೆ ಸೇರಿಸುವ ಕಿರುಕೊಕ್ಕೆಗಳು. ಮಸೂರ ಹಿಡಿದರೆ ಒಂದೂ ಕಳಚಿಲ್ಲ. ಹನಿ ಅದರ ಮೇಲೆ ಗುಂಡಗೆ ನಿಂತು ಜಾರುತ್ತಿತ್ತು. ಬರಬರುತ್ತ ಹನಿ ಜಾರದೆ ಹರಡತೊಡಗಿತು. ಬಿಳುಪು ಮಾಸಿ ಒಣ ರವದಿಯ ಬಣ್ಣಕ್ಕಿಳಿಯಿತು. ಕಿರುಕೊಕ್ಕೆಗಳು ಮೆತ್ತಗಾಗಿ ಒಂದಕ್ಕೊಂದು ಅಂಟಿದವು, ಆಮೇಲೆ ಲೋಳೆಯಾದವು. ದಿಂಡು ಮಾತ್ರ ಬಾಗದೆ ಉಳಿಯಿತು.

ಗರಿಯ ನೂರರಲ್ಲಿ ಸುಮಾರು 90 ಪಾಲು ಕೆರಾಟಿನ್ ಎಂಬ ಪ್ರೋಟೀನು. ಅದರ ಸರಪಳಿಗಳಲ್ಲಿ ಸಿಸ್ಟೀನ್ ಎಂಬ ಅಮೈನೋ ಆಮ್ಲವಿದೆ, ಸಿಸ್ಟೀನಿನಲ್ಲಿ ಗಂಧಕವಿದೆ. ಎರಡು ಗಂಧಕದ ಪರಮಾಣುಗಳು ಬೆಸೆದುಕೊಂಡು ಸರಪಳಿಯನ್ನು ಸರಪಳಿಗೆ ಬಿಗಿಯುತ್ತವೆ. ಗರಿಯ ಗಟ್ಟಿತನಕ್ಕೆ ಈ ಬೆಸುಗೆಯೂ ಒಂದು ಕಾರಣ. ಬ್ಯಾಸಿಲಸ್ ಲೈಕೆನಿಫಾರ್ಮಿಸ್‌ನಂಥ ಬ್ಯಾಕ್ಟೀರಿಯಾ ಮೊದಲು ಇದನ್ನು ಸಡಿಲಿಸಬೇಕು. ಆಗ ಕೆರಾಟಿನೇಸ್ ಕಿಣ್ವಕ್ಕೆ ಒಳದಾರಿ ಸಿಕ್ಕು ಸರಪಳಿ ತುಂಡಾಗುತ್ತದೆ. ಬಿಡಿಯಾಗಿ ಬಂದ ಸಿಸ್ಟೀನನ್ನು ಸಿಸ್ಟೀನ್ ಡಿಸಲ್ಫ್‌ಹೈಡ್ರೇಸ್ ಎಂಬ ಮತ್ತೊಂದು ಕಿಣ್ವ ಒಡೆಯುತ್ತದೆ: ಪೈರುವೇಟ್, ಅಮೋನಿಯಾ, ಹೈಡ್ರೋಜನ್ ಸಲ್ಫೈಡ್. ಬಗ್ಗಿದಾಗ ಮೂಗಿಗೆ ತಾಗಿದ ಕೊಳೆತ ಮೊಟ್ಟೆಯ ವಾಸನೆ ಈ ಕೊನೆಯದರದು.

ಈ ಜೀವಿಗಳು ರಾಡಿಯಲ್ಲಷ್ಟೇ ಕಾಯುತ್ತಿರಬೇಕಿಲ್ಲ. ಅಮೆರಿಕದ ಎಡ್ವರ್ಡ್ ಬರ್ಟ್ ಮತ್ತು ಜಾನ್ ಇಚಿದ ಕಾಡುಹಕ್ಕಿಗಳ ಪುಕ್ಕಗಳಲ್ಲೇ ಗರಿ ಕರಗಿಸುವ ಬ್ಯಾಸಿಲಸ್‌ಗಳನ್ನು ಕಂಡು 1999ರಲ್ಲಿ ಪ್ರಕಟಿಸಿದರು. ನೆಲದಲ್ಲಿ ಮೇವು ಹುಡುಕುವ ಹಕ್ಕಿಗಳಲ್ಲಿ ಅವು ಹೆಚ್ಚು. ಗೋವಕ್ಕಿಯ ಬಾಳೆಲ್ಲ ನೆಲದ ಮೇವಿನದೇ. ಹಾರುವ ರೆಕ್ಕೆ ತನ್ನನ್ನು ಕರಗಿಸುವವರನ್ನು ಹೊತ್ತೇ ಹಾರುತ್ತಿರಬಹುದೆಂಬುದು ನನಗೆ ಇಂದಿಗೂ ಸೋಜಿಗ.

ಎರೆಮಣ್ಣು ಮೊದಲೇ ಕಪ್ಪು, ಅದರೊಳಗೆ ಇನ್ನೊಂದು ಕಪ್ಪನ್ನು ಗುರುತಿಸಲು ಕಣ್ಣು ಪಳಗಬೇಕು. ಒದ್ದೆ ಎರೆಯದು ಬೂದುಗಪ್ಪು. ಗರಿಯ ಕೆಳಗೆ ಮೂಡಿದ್ದು ಕಾಡಿಗೆಯ ನೀಲಿಗಪ್ಪು, ಬೆರಳಿಗೆ ಹತ್ತುವಂಥದ್ದು: ಸಲ್ಫೈಡ್ ಮಣ್ಣಿನ ಕಬ್ಬಿಣವನ್ನು ಕೂಡಿದ ಗುರುತು. ಪಕ್ಕದಲ್ಲಿ ಊರಿಟ್ಟ ಬೆಳ್ಳಿ ತಂತಿ ಮೊದಲು ಹೊಂಬಣ್ಣಕ್ಕೆ ತಿರುಗಿತು, ಬಳಿಕ ಕಂದು, ಕೊನೆಗೆ ಕಪ್ಪು. ನೀರು ಇಂಗಿ ಗಾಳಿಯಾಡಿದಾಗ ಆ ಕಾಡಿಗೆಯ ಅಂಚು ತುಕ್ಕಿನ ಕೆಂಪಾಯಿತು. ಗಾಳಿ ಸೇರಿದಲ್ಲಿ ಬೇರೆ ಬ್ಯಾಕ್ಟೀರಿಯಾ ಗಂಧಕವನ್ನು ಸಲ್ಫೇಟ್ ಮಾಡುತ್ತವೆ. ಕಬ್ಬಿನ ಬೇರು ಹೀರುವುದು ಅದನ್ನೇ. ಎಲೆಯಲ್ಲಿ ಅದು ಮತ್ತೆ ಸಿಸ್ಟೀನ್ ಆಗುತ್ತದೆ.

ಅದೇ ಸಾಲಿನಲ್ಲಿ ಕಾಜಾಣದ ಒಂದು ಕಪ್ಪು ಗರಿಯನ್ನೂ ಇಟ್ಟಿದ್ದೆ. ಅದರ ಎಳೆಗಳು ಇನ್ನೂ ಬಿಡಿಬಿಡಿಯಾಗಿಯೇ ಇವೆ, ಅಂಚಿನ ಉಕ್ಕುನೀಲಿ ಹೊಳಪೂ ಪೂರ್ತಿ ಹೋಗಿಲ್ಲ. ಕಪ್ಪು ಕೊಡುವ ಮೆಲನಿನ್ ಗರಿಯನ್ನು ಈ ಬ್ಯಾಕ್ಟೀರಿಯಾಗಳಿಂದ ಹೆಚ್ಚು ಕಾಲ ಕಾಯುತ್ತದೆ. ಕೆಲವು ಪ್ರಯೋಗಗಳಲ್ಲೂ ಬಿಳಿ ಗರಿಯೇ ಮೊದಲು ಕರಗಿದೆ. ಕಬ್ಬು ಕಡಿಯುವವರೆಗೆ ಕಾಜಾಣದ ಗರಿಯನ್ನು ಅಲ್ಲಿಂದ ಕದಲಿಸುವುದಿಲ್ಲ.