ನಮ್ಮ ಕಾಫಿ ಕಣಕ್ಕೆ ಬಂದ ವಿಯೆಟ್ನಾಂ

ನಮ್ಮ ಮನೆಯಲ್ಲಿ ಒಂದು ಕಾಲಕ್ಕೆ ‘ವಿಯೆಟ್ನಾಂ’ ಎನ್ನುವುದು ಬೈಗುಳವಾಗಿತ್ತು. ಹಾಲು ಒಡೆದರೆ, ಮೋಟಾರು ಸುಟ್ಟರೆ, ಮಳೆ ಕೈಕೊಟ್ಟರೆ ನನ್ನ ಹೆಂಡತಿ “ಎಲ್ಲಾ ಆ ವಿಯೆಟ್ನಾಂ ದೆಸೆಯಿಂದ” ಎನ್ನುತ್ತಿದ್ದಳು. ಮಕ್ಕಳು ನಗುತ್ತಿದ್ದರು. ನಾನು ನಗುತ್ತಿರಲಿಲ್ಲ.

ಸಕಲೇಶಪುರದ ಹತ್ತಿರ ನಮ್ಮದು ಆರು ಎಕರೆ ರೊಬಸ್ಟ ತೋಟ. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ಗಿಡಗಳು ಸುಟ್ಟುಹೋದವು. ಪ್ರಪಂಚದಲ್ಲೆಲ್ಲ ಕಾಫಿಗೆ ಚಿನ್ನದ ಬೆಲೆ ಬಂತು. ಅದೇ ಹೊತ್ತಿಗೆ ನಮ್ಮಲ್ಲೂ ಕಾಫಿಯನ್ನೆಲ್ಲ ಕಾಫಿ ಮಂಡಳಿಗೇ ಒಪ್ಪಿಸಬೇಕೆಂಬ ಕಟ್ಟು ಹಂತಹಂತವಾಗಿ ಸಡಿಲವಾಗಿ, 1996ಕ್ಕೆ ಪೂರ್ತಿ ಹೋಯಿತು. ಊರಿಗೆ ಜೀಪುಗಳು ಬಂದವು, ಹಂಚಿನ ಮನೆಗಳು ತಾರಸಿಯಾದವು. ನಾನೂ ಸಾಲ ಮಾಡಿ ಕಣಕ್ಕೆ ಸಿಮೆಂಟ್ ಹಾಕಿಸಿದೆ.

2001ರಲ್ಲಿ ಆ ಸಿಮೆಂಟ್ ಕಣದ ಮೇಲೆ ಹರಡಿದ್ದ ಕಾಫಿಗೆ ಕೊಯ್ದ ಕೂಲಿಯೂ ಹುಟ್ಟಲಿಲ್ಲ. ಜಗತ್ತಿನ ಮಾರುಕಟ್ಟೆಯಲ್ಲಿ ಮೂವತ್ತು ವರ್ಷಗಳಲ್ಲೇ ಕಾಣದಷ್ಟು ಬೆಲೆ ಬಿದ್ದಿತ್ತು. ಮಗಳ ಕಾಲೇಜಿನ ಫೀಸಿಗೆ ಹೆಂಡತಿಯ ಎರಡು ಬಳೆ ಅಡವಿಟ್ಟೆವು. ಅವನ್ನು ಬಿಡಿಸಿಕೊಳ್ಳಲು ಆಗಲೇ ಇಲ್ಲ. ಬೆಲೆ ಯಾಕೆ ಬಿತ್ತು ಎಂದು ಕೇಳಿದರೆ ವ್ಯಾಪಾರಿಗಳು ಹೇಳಿದ್ದು ಒಂದೇ ಮಾತು: “ವಿಯೆಟ್ನಾಂ ಕಾಫಿ ಸುರಿದುಬಿಟ್ಟಿದೆ.”

ಇದನ್ನೆಲ್ಲ ಈಗ ಯಾಕೆ ಹೇಳುತ್ತಿದ್ದೇನೆ ಎಂದರೆ, 2025ರ ಬೇಸಿಗೆ ರಜೆಯಲ್ಲಿ ಮಗಳು, ಅಳಿಯ ಮತ್ತು ಏಳನೇ ತರಗತಿಯ ಮೊಮ್ಮಗಳ ಜೊತೆ ಅದೇ ವಿಯೆಟ್ನಾಂಗೆ ಹೋಗಿ ಬಂದೆ. ಹೊರಡುವ ಮುಂಚೆ ಮೊಮ್ಮಗಳು ಕೇಳಿದ್ದಳು: “ತಾತ, ಅವರು ನಮಗೆ ಬೇಕೂಂತ ಹಾಗೆ ಮಾಡಿದ್ರಾ?” ಇಪ್ಪತ್ತು ವರ್ಷಕ್ಕೂ ಹೆಚ್ಚು ಬೈದಿದ್ದೆ. ಈ ಪ್ರಶ್ನೆಯನ್ನು ಮಾತ್ರ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಇಟ್ಟಿಗೆಗಳ ಸಾಲು

ರಾಜಧಾನಿ ಹನೋಯ್‌ಯಲ್ಲಿ ನಾವು ಕಾಫಿ ಕುಡಿಯಲು ಹೋದ ಒಂದು ಅಂಗಡಿಯ ಗೋಡೆಯ ತುಂಬ ಹಳೇ ಸಾಮಾನು ತೂಗುಹಾಕಿದ್ದರು. ಸೀಮೆಎಣ್ಣೆ ದೀಪ, ಎನಾಮಲ್ ತಟ್ಟೆ, ಬಣ್ಣ ಮಾಸಿದ ಸೈಕಲ್, ಗಾಜಿನ ಚೌಕಟ್ಟಿನೊಳಗೆ ರೇಷನ್ ಚೀಟಿಗಳು. ನನ್ನ ವಯಸ್ಸಿನವರಿಗೆ ಅದನ್ನು ಯಾರೂ ವಿವರಿಸಬೇಕಿಲ್ಲ. ನಾವೂ ಸೀಮೆಎಣ್ಣೆಗೆ ಡಬ್ಬ ಸಾಲಿಟ್ಟವರೇ, ಲೆವಿ ಭತ್ತ ಅಳೆದುಕೊಟ್ಟವರೇ. ಆದರೆ ಅಲ್ಲಿನ ಕಥೆ ನಮ್ಮದಕ್ಕಿಂತ ಕಠಿಣ.

1975ರಲ್ಲಿ ಯುದ್ಧ ಮುಗಿದು ಉತ್ತರ, ದಕ್ಷಿಣ ಒಂದಾದ ಮೇಲೆ ಇಡೀ ದೇಶದಲ್ಲಿ ಅಕ್ಕಿ, ಮಾಂಸ, ಬಟ್ಟೆ, ಸಕ್ಕರೆ ಎಲ್ಲವನ್ನೂ ಸರ್ಕಾರವೇ ಹಂಚಬೇಕೆಂದಾಯಿತು. ಯಾರಿಗೆ ಎಷ್ಟು ಎಂಬುದು ಅವರ ಹುದ್ದೆಯ ಮೇಲೆ. ಬೆಳಗಿನ ಜಾವಕ್ಕೇ ಜನ ಸಾಲು ನಿಲ್ಲುತ್ತಿದ್ದರು. ನಡುವೆ ಬೇರೆ ಕೆಲಸಕ್ಕೆ ಹೋಗಬೇಕಾದರೆ ತಮ್ಮ ಜಾಗದಲ್ಲಿ ಒಂದು ಇಟ್ಟಿಗೆಯನ್ನೋ ಹರಕು ಚಪ್ಪಲಿಯನ್ನೋ ಇಟ್ಟು ಹೋಗುತ್ತಿದ್ದರು. ಮನುಷ್ಯರ ಬದಲು ಇಟ್ಟಿಗೆಗಳೇ ಸಾಲು ನಿಂತಿರುತ್ತಿದ್ದವು! ಸಪ್ಪೆ ಮೋರೆ ಹಾಕಿಕೊಂಡವರನ್ನು ಕಂಡರೆ ಅಲ್ಲಿ ಈಗಲೂ ‘ಅಕ್ಕಿ ಪುಸ್ತಕ ಕಳೆದುಕೊಂಡವರ ಮುಖ’ ಎನ್ನುತ್ತಾರಂತೆ. ಆ ಪುಸ್ತಕ ಹೋದರೆ ತಿಂಗಳ ಅಕ್ಕಿಯೇ ಹೋದಂತೆ.

1985ರಲ್ಲಿ ಹಳೆಯ 10 ದೊಂಗ್‌ಗೆ ಹೊಸ 1 ದೊಂಗ್ ಎಂದು ನೋಟು ಬದಲಾಯಿಸಿದರು. ಅದು ಕೈಕೊಟ್ಟಿತು. ಮರುವರ್ಷ ಹಣದುಬ್ಬರ ಶೇ 700 ದಾಟಿತು. ಮಕ್ಕಳೇ, ಈ ಲೆಕ್ಕ ಮಾಡಿ ನೋಡಿ: ಜನವರಿಯಲ್ಲಿ 10 ರೂಪಾಯಿಗೆ ಸಿಕ್ಕ ಪುಸ್ತಕ ಡಿಸೆಂಬರ್‌ಗೆ 80 ರೂಪಾಯಿ ದಾಟುತ್ತದೆ. ಅಪ್ಪನ ಸಂಬಳ ಮಾತ್ರ ಅಷ್ಟು ಬೇಗ ಏರುವುದಿಲ್ಲ.

ಗುಂಪು ಪ್ರಾಜೆಕ್ಟಿನ ಲೆಕ್ಕ

“ಅಷ್ಟೊಂದು ಗದ್ದೆ ಇರೋ ದೇಶದಲ್ಲಿ ಅಕ್ಕಿಗೆ ಯಾಕೆ ಬರ?” ಎಂದಳು ಮೊಮ್ಮಗಳು. ಅವಳ ಶಾಲೆಯ ಉದಾಹರಣೆಯನ್ನೇ ಕೊಟ್ಟೆ. ಗುಂಪು ಪ್ರಾಜೆಕ್ಟಿನಲ್ಲಿ ಐದು ಜನ ಇರುತ್ತಾರೆ, ಕೆಲಸ ಮಾಡುವವರು ಇಬ್ಬರು, ಅಂಕ ಎಲ್ಲರಿಗೂ ಒಂದೇ. ಮುಂದಿನ ಸಲ ಆ ಇಬ್ಬರು ಏನು ಮಾಡುತ್ತಾರೆ? “ಅವರೂ ಸುಮ್ನಿರ್ತಾರೆ” ಎಂದಳು ಥಟ್ಟನೆ. ಅನುಭವದ ಮಾತು!

ಸಾಮೂಹಿಕ ಬೇಸಾಯದಲ್ಲಿ ಆದದ್ದೂ ಅದೇ. ಗದ್ದೆ ಸಂಘದ್ದು, ದುಡಿಮೆಗೆ ಅಂಕ, ಅಂಕಕ್ಕೆ ತಕ್ಕ ಭತ್ತ. ಭತ್ತ ಚೆನ್ನಾಗಿ ಬಂದರೂ ಬಾರದಿದ್ದರೂ ದಿನ ತುಂಬಿಸಿದರೆ ಸಾಕು.

ಇದನ್ನು ಮೊದಲೇ ಕಂಡುಕೊಂಡ ಒಬ್ಬರಿದ್ದರು. ಅವರ ಹೆಸರು ಕಿಮ್ ಙೊಕ್. (ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕುಳಿತ ‘ಙ’ ಅಕ್ಷರಕ್ಕೆ ವಿಯೆಟ್ನಾಂನಲ್ಲಿ ಕೈತುಂಬ ಕೆಲಸ. ಅದರಿಂದಲೇ ಶುರುವಾಗುವ ಹೆಸರುಗಳು ಅಲ್ಲಿ ಬೀದಿಬೀದಿಗೂ ಇವೆ.) ವಿನ್ ಫುಕ್ ಪ್ರಾಂತ್ಯದಲ್ಲಿ ಪಕ್ಷದ ಕಾರ್ಯದರ್ಶಿಯಾಗಿದ್ದ ಅವರು 1966ರಲ್ಲೇ ಗದ್ದೆಗಳನ್ನು ಮನೆಮನೆಗೆ ಗುತ್ತಿಗೆಯಂತೆ ವಹಿಸಿದರು. ಬೆಳೆ ಏರಿತು. ಆದರೆ ಮೇಲಿನವರಿಗೆ ಅದು ಸಿದ್ಧಾಂತದ ತಪ್ಪಾಗಿ ಕಂಡಿತು. ಅವರು ತಪ್ಪೊಪ್ಪಿಕೊಳ್ಳಬೇಕಾಯಿತು, ಪ್ರಯೋಗ ನಿಂತಿತು. 1979ರಲ್ಲಿ ಅವರು ತೀರಿಕೊಂಡರು.

ಎರಡೇ ವರ್ಷಕ್ಕೆ, 1981ರಲ್ಲಿ, ಸರ್ಕಾರ ಅದೇ ದಾರಿಗೆ ಒಂದು ಹೆಜ್ಜೆ ಇಟ್ಟಿತು: ಸಂಘಕ್ಕೆ ಗೊತ್ತುಮಾಡಿದಷ್ಟು ಭತ್ತ ಕೊಡಿ, ಮಿಕ್ಕಿದ್ದು ನಿಮ್ಮದು. 1986ರ ಡಿಸೆಂಬರ್‌ನಲ್ಲಿ ಕಮ್ಯುನಿಸ್ಟ್ ಪಕ್ಷದ ಆರನೇ ಮಹಾಧಿವೇಶನ ಙುಯೆನ್ ವಾನ್ ಲಿನ್ ಅವರನ್ನು ನಾಯಕನನ್ನಾಗಿ ಆರಿಸಿ, ‘ದೊಯ್ ಮೊಯ್’ ಎಂಬ ದಾರಿ ಹಿಡಿಯಿತು. ದೊಯ್ ಎಂದರೆ ಬದಲಾವಣೆ, ಮೊಯ್ ಎಂದರೆ ಹೊಸದು. 1988ರ ಏಪ್ರಿಲ್‌ನಲ್ಲಿ ಬಂದ ‘10ನೇ ನಿರ್ಣಯ’ ಭೂಮಿಯನ್ನು ದೀರ್ಘಕಾಲಕ್ಕೆ ರೈತ ಕುಟುಂಬಗಳ ವಶಕ್ಕೆ ಕೊಟ್ಟಿತು. 1993ರ ಕಾಯ್ದೆ ಅದನ್ನು ಗಟ್ಟಿ ಮಾಡಿತು. ನೆಲ ಇವತ್ತಿಗೂ ಸರ್ಕಾರದ್ದೇ. ಆದರೆ ಉಳುವ ಹಕ್ಕನ್ನು ಮಾರಬಹುದು, ಅಡವಿಡಬಹುದು, ಮಕ್ಕಳಿಗೆ ಬಿಡಬಹುದು. ಒಂದೇ ಪಕ್ಷದ ಆಡಳಿತ ಮಾತ್ರ ಬದಲಾಗಲಿಲ್ಲ, ಈಗಲೂ ಹಾಗೇ ಇದೆ.

1988ರಲ್ಲಿ ಉತ್ತರದ ಹಳ್ಳಿಗಳಲ್ಲಿ ಹಸಿವಿತ್ತು, ಹೊರಗಿನಿಂದ ಅಕ್ಕಿ ತರಿಸಬೇಕಾಗಿತ್ತು. ಮರುವರ್ಷವೇ ಆ ದೇಶ 10 ಲಕ್ಷ ಟನ್‌ಗೂ ಹೆಚ್ಚು ಅಕ್ಕಿಯನ್ನು ಹೊರದೇಶಗಳಿಗೆ ಮಾರಿತು. ಗದ್ದೆ ಅದೇ, ಕೈ ಅದೇ. ಕಿಮ್ ಙೊಕ್ ಅವರಿಗೆ ಸರ್ಕಾರ ಗೌರವ ಕೊಟ್ಟದ್ದು ಅವರು ಸತ್ತು ಎಷ್ಟೋ ವರ್ಷದ ಮೇಲೆ.

ನೆರೆಹೊರೆಯವರ ಜೊತೆ ರಾಜಿ

ಬೆಳೆದದ್ದನ್ನು ಕೊಳ್ಳುವವರು ಬೇಕಲ್ಲ? ವಿಯೆಟ್ನಾಂಗೆ ಆಗ ಅಕ್ಕಪಕ್ಕದಲ್ಲಿ ಸ್ನೇಹಿತರೇ ಕಡಿಮೆ. 1978ರ ಕೊನೆಯಲ್ಲಿ ಅದರ ಸೈನ್ಯ ಕಾಂಬೋಡಿಯಾಕ್ಕೆ ನುಗ್ಗಿತ್ತು. 1979ರಲ್ಲಿ ಚೀನಾ ಅದರ ಮೇಲೆ ದಂಡೆತ್ತಿ ಬಂದಿತ್ತು. ಅಮೆರಿಕ ವ್ಯಾಪಾರ ನಿಷೇಧಿಸಿತ್ತು. ಥಾಯ್ಲೆಂಡ್, ಮಲೇಷ್ಯಾ, ಸಿಂಗಪುರ, ಇಂಡೊನೇಷ್ಯಾ, ಫಿಲಿಪ್ಪೀನ್ಸ್ ಸೇರಿ 1967ರಲ್ಲಿ ಕಟ್ಟಿಕೊಂಡಿದ್ದ ‘ಆಸಿಯಾನ್’ ಒಕ್ಕೂಟ ಎದುರು ಪಾಳಯದಲ್ಲಿತ್ತು. ಆಸರೆಯಾಗಿದ್ದ ಸೋವಿಯತ್ ಒಕ್ಕೂಟ 1991ರಲ್ಲಿ ಮುಳುಗಿತು.

ಹಾಗಾಗಿ ಒಬ್ಬೊಬ್ಬರ ಜೊತೆಗೂ ರಾಜಿ ಮಾಡಿಕೊಳ್ಳುತ್ತ ಬಂದರು. 1989ರಲ್ಲಿ ಕಾಂಬೋಡಿಯಾದಿಂದ ಸೈನ್ಯ ಹಿಂದಕ್ಕೆ. 1991ರಲ್ಲಿ ಚೀನಾ ಜೊತೆ ಮತ್ತೆ ಮಾತುಕತೆ. 1994ರಲ್ಲಿ ಅಮೆರಿಕದ ನಿಷೇಧ ತೆರವು. 1995ರ ಜುಲೈ 28ರಂದು ವಿಯೆಟ್ನಾಂ ಆಸಿಯಾನ್‌ನ ಏಳನೇ ಸದಸ್ಯವಾಯಿತು. ಒಳಗೆ ಬಂದ ಮೇಲೆ ನೆರೆಯವರ ಸರಕಿನ ಮೇಲಿನ ಸುಂಕವನ್ನು ವರ್ಷವರ್ಷವೂ ಇಳಿಸಬೇಕು, ನೆರೆಯವರೂ ಇಳಿಸಬೇಕು. ಇದು ಬೇಲಿಗೆ ತಡಿಕೆ ಇಟ್ಟ ಹಾಗೆ. ನಮ್ಮ ಕೋಳಿ ಆ ಕಡೆ ಮೇಯಬಹುದು, ಅವರದೂ ಈ ಕಡೆ ಬರುತ್ತದೆ. 2007ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ 150ನೇ ಸದಸ್ಯನಾಗುವ ಹೊತ್ತಿಗೆ ಜಗತ್ತಿನ ಕಾರ್ಖಾನೆಗಳು ಅಲ್ಲಿಗೆ ಬರತೊಡಗಿದ್ದವು. 1990ರ ದಶಕದ ಆರಂಭದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕಡುಬಡವರಾಗಿದ್ದ ದೇಶ ಅದು. ಈಗ ನಮ್ಮ ಅಂಗಡಿಗಳಲ್ಲಿನ ಬೂಟು, ಫೋನುಗಳ ಮೇಲೂ ಅದರ ಹೆಸರಿರುತ್ತದೆ.

ಆ ತಡಿಕೆ ಮುಂದೆ ನಮ್ಮ ಬೇಲಿಗೂ ಬಂತು. ಭಾರತ ಮತ್ತು ಆಸಿಯಾನ್ ನಡುವಿನ ಸರಕು ಒಪ್ಪಂದ 2010ರ ಜನವರಿ 1ರಿಂದ ಜಾರಿಯಾಯಿತು. ಕಾಫಿ, ಟೀ, ಮೆಣಸುಗಳ ಸುಂಕವನ್ನು ನಿಧಾನವಾಗಿ ಇಳಿಸುವ ಪಟ್ಟಿಯಲ್ಲಿಟ್ಟರು. ಆದರೂ ಹೊರಗಿನ ಅಗ್ಗದ ಮೆಣಸು ಬಂದು ಮಲೆನಾಡಿನವರು ಗೋಳಾಡಿದ್ದು, 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿಗಿಂತ ಕಡಿಮೆ ಬೆಲೆಯ ಮೆಣಸು ತರಿಸಬಾರದೆಂದದ್ದು ಅನೇಕರಿಗೆ ನೆನಪಿರಬಹುದು.

ಬೆಟ್ಟವೆಲ್ಲ ಕಾಫಿ

ಹೊ ಚಿ ಮಿನ್ ನಗರದಿಂದ ಸುಮಾರು 350 ಕಿ.ಮೀ. ಬಸ್ಸಿನಲ್ಲಿ ಹೋದರೆ ಬುವೊನ್ ಮಾ ಥುವೊತ್. ದಕ್ ಲಕ್ ಪ್ರಾಂತ್ಯದ ಈ ಊರೇ ಅಲ್ಲಿನ ಕಾಫಿ ರಾಜಧಾನಿ. ಕೆಂಪು ಮಣ್ಣು ನೋಡಿ ಊರಿಗೇ ಬಂದೆ ಅನ್ನಿಸಿತು. ಆದರೆ ತೋಟ ನೋಡಿ ಗಾಬರಿಯಾದೆ. ನೆರಳೇ ಇಲ್ಲ! ನಮ್ಮಲ್ಲಿ ಸಿಲ್ವರ್ ಓಕ್, ಹಲಸು, ಅತ್ತಿ ಮರಗಳ ಅಡಿಯಲ್ಲಿ ಕಾಫಿ. ಅಲ್ಲಿ ಹೆಚ್ಚಿನ ಕಡೆ ಬಟಾಬಯಲಿನಲ್ಲಿ ಸಾಲುಗಿಡ. ಬೇಸಿಗೆಯಲ್ಲಿ ಬಾವಿಯಿಂದ ನೀರೆಳೆದು ಪೈಪಿನಲ್ಲಿ ಬುಡಬುಡಕ್ಕೂ ಹಾಯಿಸುತ್ತಾರೆ, ಗೊಬ್ಬರ ಸುರಿಯುತ್ತಾರೆ. ಎಕರೆಗೆ ನಮ್ಮ ದುಪ್ಪಟ್ಟಿಗೂ ಹೆಚ್ಚು ಇಳುವರಿ.

1986ರ ಸುಮಾರಿಗೆ ಇಡೀ ವಿಯೆಟ್ನಾಂ ಬೆಳೆಯುತ್ತಿದ್ದುದು 20 ಸಾವಿರ ಟನ್ ಆಸುಪಾಸು. ಭೂಮಿ ಕೈಗೆ ಬಂದಾಗ ಬಯಲು ಸೀಮೆಯ ಜನ ತಂಡೋಪತಂಡವಾಗಿ ಬೆಟ್ಟ ಹತ್ತಿದರು. 1994ರ ಬೆಲೆ ಕಂಡು ಇನ್ನಷ್ಟು ನೆಟ್ಟರು. ಕಾಫಿ ಗಿಡ ಫಸಲಿಗೆ ಬರಲು ಮೂರು, ನಾಲ್ಕು ವರ್ಷ ಬೇಕು. ಹಾಗಾಗಿ ಒಳ್ಳೆಯ ಬೆಲೆ ನೋಡಿ ನೆಟ್ಟವರ ಕಾಫಿಯೆಲ್ಲ ಒಂದೇ ಸಲಕ್ಕೆ ಮಾರುಕಟ್ಟೆಗೆ ಬಂತು. 2000ದ ಹೊತ್ತಿಗೆ ಅವರ ಫಸಲು 8 ಲಕ್ಷ ಟನ್ ದಾಟಿತ್ತು. ಇಡೀ ಭಾರತದ್ದು ಆಗ ಸುಮಾರು 3 ಲಕ್ಷ ಟನ್. ಯಾವ ದೇಶ ಎಷ್ಟು ಕಳಿಸಬೇಕೆಂದು ಮಿತಿ ಹಾಕುತ್ತಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕಟ್ಟು 1989ರಲ್ಲೇ ಮುರಿದುಬಿದ್ದಿತ್ತು. ತಡೆಯುವವರೇ ಇರಲಿಲ್ಲ.

ಬೆಟ್ಟಕ್ಕೂ ಪೆಟ್ಟು ಬಿತ್ತು. ಕಾಡು ಕಡಿದರು, ಅಂತರ್ಜಲ ಇಳಿಯಿತು, ಅಲ್ಲಿನ ಮೂಲನಿವಾಸಿ ಎದೆ ಜನ ತಮ್ಮ ನೆಲದಲ್ಲೇ ಅಲ್ಪಸಂಖ್ಯಾತರಾದರು.

ಇಬ್ಬರು ಮುದುಕರು

ನಾವು ಇಳಿದುಕೊಂಡ ಮನೆಯ ಯಜಮಾನರೂ ಕಾಫಿ ಬೆಳೆಗಾರರೇ, ವಯಸ್ಸು ಅರವತ್ತನಾಲ್ಕು. ಅವರ ಮಗ ಇಂಗ್ಲಿಷಿಗೆ, ನನ್ನ ಮಗಳು ಕನ್ನಡಕ್ಕೆ. ಹೀಗೆ ನಾಲ್ಕು ಬಾಯಿ ದಾಟಿ ಮಾತು ಸಾಗುತ್ತಿತ್ತು.

ಅವರು 1991ರಲ್ಲಿ ಉತ್ತರದ ಗದ್ದೆ ಸೀಮೆಯಿಂದ ಹೆಂಡತಿ, ಕೈಗೂಸಿನೊಡನೆ ಬಂದವರು. ಒಂದು ಹೆಕ್ಟೇರ್ ಕಾಫಿ ಹಾಕಿದರು. 1995ರಲ್ಲಿ ಬಂದ ದುಡ್ಡಿನಲ್ಲಿ ಮೋಟಾರ್ ಸೈಕಲ್ ತಂದು, ಸಾಲ ಮಾಡಿ ಇನ್ನೊಂದು ಹೆಕ್ಟೇರ್ ನೆಟ್ಟರು. ನಾನು ಕಣಕ್ಕೆ ಸಿಮೆಂಟ್ ಹಾಕಿಸಿದ ಕಾಲವೇ ಅದು.

“2001ರಲ್ಲಿ ನಿಮಗೆ ಹೇಗಿತ್ತು?” ಎಂದು ಕೇಳಿದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಎದ್ದು, ಮನೆಯ ಹಿಂದಿನ ಇಳಿಜಾರು ತೋರಿಸಿದರು. ಹೊಸದಾಗಿ ನೆಟ್ಟ ಆ ಹೆಕ್ಟೇರನ್ನು, ಆಗ ತಾನೇ ಫಸಲಿಗೆ ಬಂದಿದ್ದ ಗಿಡಗಳನ್ನು, ತಾವೇ ಕಡಿದು ಜೋಳ ಹಾಕಿದರಂತೆ. ಮೋಟಾರ್ ಸೈಕಲ್ ಮಾರಿದರಂತೆ. ದೊಡ್ಡ ಮಗ ಶಾಲೆ ಬಿಟ್ಟು ನಗರದ ಕಾರ್ಖಾನೆಗೆ ಹೋದನಂತೆ. ಆ ಮಗ ಮತ್ತೆ ಓದಲಿಲ್ಲ. “ನಾವು ಬ್ರೆಜಿಲ್‌ನವರನ್ನು ಬೈಯುತ್ತಿದ್ದೆವು” ಎಂದರು.

ಮಗಳು ಇದನ್ನು ಕನ್ನಡಕ್ಕೆ ಹೇಳುವಾಗ ಅವಳ ದನಿ ತಗ್ಗಿತು. ಆ ವರ್ಷ ಬಳೆ ಅಡವಿಟ್ಟು ಓದಿಸಿದ್ದು ಅವಳನ್ನೇ.

ನಾನು ನಮ್ಮ ಕಥೆಯನ್ನೂ ಹೇಳಿದೆ. ‘ವಿಯೆಟ್ನಾಂ’ ನಮ್ಮ ಮನೆಯ ಬೈಗುಳ ಎಂಬುದನ್ನು ಮಗಳು ನುಂಗಿಕೊಳ್ಳಲು ನೋಡಿದಳು. ಮೊಮ್ಮಗಳು ಇಂಗ್ಲಿಷಿನಲ್ಲಿ ಹೇಳಿಯೇಬಿಟ್ಟಳು! ಯಜಮಾನರು ತೊಡೆ ತಟ್ಟಿಕೊಂಡು ನಕ್ಕರು.

ಕಳೆದ ಎರಡು ವರ್ಷದ ಬೆಲೆಯ ಮಾತು ಬಂತು. 2024ರಲ್ಲಿ ರೊಬಸ್ಟ ಬೆಲೆ ಎಂದೂ ಕಾಣದಷ್ಟು ಏರಿತ್ತು. ಅವರಲ್ಲಿ ಮಳೆ ಕೈಕೊಟ್ಟದ್ದು ಒಂದು ಕಾರಣ. ಇನ್ನೊಂದು, ಅನೇಕರು ಕಾಫಿ ತೆಗೆದು ಡುರಿಯನ್ ಹಾಕಿದ್ದು. ನೋಡಲು ಹಲಸಿನಂತೆ ಮುಳ್ಳುಮುಳ್ಳು, ವಾಸನೆಗೆ ಮೊಮ್ಮಗಳು ಮೂಗು ಮುಚ್ಚಿಕೊಂಡು ಓಡಿದ ಹಣ್ಣು ಅದು. ಒಂದು ಕಾಲದ ಶತ್ರು ಚೀನಾ 2022ರಿಂದ ಅದನ್ನು ಅಧಿಕೃತವಾಗಿ ಕೊಳ್ಳುತ್ತಿದೆ. ಅವರ ಕಾಫಿ ಕಡಿಮೆಯಾದ್ದರಿಂದ ನಮ್ಮ ಕಾಫಿಗೆ ಬೆಲೆ ಬಂತು. ಹಾಗೆ ನೋಡಿದರೆ ನಮ್ಮ ವಿಮಾನದ ಟಿಕೆಟ್ಟಿಗೆ ದುಡ್ಡು ಕೊಟ್ಟದ್ದೂ ವಿಯೆಟ್ನಾಮೇ. ಅವರು ಈಗ ಡುರಿಯನ್ ನೆಡಬೇಕೋ, ಕಾಫಿ ಉಳಿಸಿಕೊಳ್ಳಬೇಕೋ ಎಂಬ ಯೋಚನೆಯಲ್ಲಿದ್ದರು. “ಎರಡೂ ಇರಲಿ, ನಡುವೆ ನಾಲ್ಕು ನೆರಳಿನ ಮರವೂ ಇರಲಿ” ಎಂದೆ. ಕೇಳುತ್ತಾರೋ ಇಲ್ಲವೋ. ನಾನೇ 1995ರಲ್ಲಿ ಯಾರ ಮಾತನ್ನೂ ಕೇಳಿರಲಿಲ್ಲ.

ಹೊರಡುವಾಗ ಅವರು ಒಂದು ‘ಫಿನ್’ ಕೊಟ್ಟರು. ಲೋಟದ ಮೇಲೆ ಕೂರಿಸುವ ಸಣ್ಣ ಕಾಫಿ ಫಿಲ್ಟರ್ ಅದು. ತೊಟ್ಟು ತೊಟ್ಟಾಗಿ ಡಿಕಾಕ್ಷನ್ ಇಳಿಯುತ್ತದೆ. ಕೆಳಗೆ ಲೋಟದಲ್ಲಿ ಗಟ್ಟಿ ಸಿಹಿ ಹಾಲು ಕಾದಿರುತ್ತದೆ.

ಊರಿಗೆ ಬಂದು ಎಲ್ಲವನ್ನೂ ಹೆಂಡತಿಗೆ ಹೇಳಿದೆ. ಶಾಲೆ ಬಿಟ್ಟ ಆ ಹುಡುಗನ ವಿಷಯ ಬಂದಾಗ ಅವಳು ಮಾತಾಡಲಿಲ್ಲ. ತನ್ನ ಬರಿಗೈ ಮಣಿಕಟ್ಟನ್ನು ಒಮ್ಮೆ ಸವರಿಕೊಂಡಳು. ಮಾರನೆ ದಿನ ಬೆಳಿಗ್ಗೆ ಅಡುಗೆಮನೆಯಿಂದ ಕೂಗು ಬಂತು:

“ರೀ, ನಿಮ್ಮ ಸ್ನೇಹಿತರು ಕೊಟ್ಟ ಫಿಲ್ಟರ್ ಎಲ್ಲಿಟ್ಟಿದೀರಿ?”