ಕಂಪ್ಯೂಟರ್ ಕೆಟ್ಟಿಲ್ಲ, ಕೈಮರ ತಪ್ಪಿದೆ

ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ 7, ಉಬುಂಟು ಲಿನಕ್ಸ್ ಎರಡನ್ನೂ ಹಾಕಿಕೊಳ್ಳಬಹುದು. ಆದರೆ ಜಾಗ ಸಾಲದು ಅಂತ ಲಿನಕ್ಸ್ ಇರುವ ಭಾಗವನ್ನು ಅಳಿಸಿದರೆ ಏನಾಗುತ್ತೆ ಗೊತ್ತಾ? ವಿಂಡೋಸೂ ಏಳೋದಿಲ್ಲ! ಕಪ್ಪು ಪರದೆ ಮೇಲೆ ‘ಗ್ರಬ್ ರೆಸ್ಕ್ಯೂ’ ಅಂತ ಬಂದು ನಿಂತುಬಿಡುತ್ತೆ. ನಮ್ಮ ಶಾಲೆಯ ಹಳೆಯ ಕಂಪ್ಯೂಟರಿಗೆ ಆಗಿದ್ದೂ ಇದೇ. “ಎಲ್ಲಾ ಹೋಯ್ತು, ಫಾರ್ಮ್ಯಾಟ್ ಮಾಡಿ” ಅಂದವರೇ ಹೆಚ್ಚು. ಹಾಗೆ ಮಾಡಿದ್ದರೆ ನಮ್ಮ ಅಂಕಪಟ್ಟಿ, ಪ್ರವಾಸದ ಫೋಟೋ ಎಲ್ಲಾ ನಿಜವಾಗಿಯೂ ಹೋಗ್ತಿದ್ದವು.

ಹಾರ್ಡ್‌ಡಿಸ್ಕಿನ ಮೊಟ್ಟಮೊದಲ ತುಂಡಿಗೆ ಮಾಸ್ಟರ್ ಬೂಟ್ ರೆಕಾರ್ಡ್ ಎಂದು ಹೆಸರು. ಚಿಕ್ಕದಾಗಿ ಎಂಬಿಆರ್. ಅದರ ಅಳತೆ ಬರೀ 512 ಬೈಟ್. ಯೂನಿಕೋಡ್ ಕನ್ನಡದಲ್ಲಿ ಬರೆದರೆ ಈ ಪ್ಯಾರಾ ಕೂಡ ಅದರಲ್ಲಿ ಹಿಡಿಸೋಲ್ಲ! ಮೊದಲ 446 ಬೈಟ್ ಕೈಮರ ಇದ್ದ ಹಾಗೆ. ಕಂಪ್ಯೂಟರ್ ಎದ್ದ ಕೂಡಲೇ ಮುಂದೆ ಎಲ್ಲಿಗೆ ಹೋಗಬೇಕೆಂದು ತೋರಿಸುತ್ತೆ. ಆಮೇಲಿನ 64 ಬೈಟ್ ಪಹಣಿ ಇದ್ದ ಹಾಗೆ. ಡಿಸ್ಕಿನ ಯಾವ ಭಾಗ ಎಲ್ಲಿಂದ ಶುರು, ಎಷ್ಟು ದೊಡ್ಡದು ಎಂಬ ಲೆಕ್ಕ ಅದರಲ್ಲಿರುತ್ತೆ. ಕೊನೆಯ 2 ಬೈಟ್ ಮುದ್ರೆ.

ಲಿನಕ್ಸ್ ಹಾಕುವಾಗ ಅದು ಹಳೇ ಕೈಮರ ಕಿತ್ತು, ‘ಗ್ರಬ್’ ಅನ್ನೋ ತನ್ನ ಕೈಮರ ನೆಡುತ್ತೆ. ಗ್ರಬ್‌ನ ಉಳಿದ ಕಡತಗಳೆಲ್ಲ ಇರೋದು ಲಿನಕ್ಸ್ ಭಾಗದಲ್ಲೇ. ಆ ಭಾಗ ಅಳಿಸಿದ ಮೇಲೆ ಅದು ಡ್ಯಾಮಿನಲ್ಲಿ ಮುಳುಗಿದ ಊರಿನ ಕಡೆ ಕೈ ತೋರಿಸುತ್ತಾ ನಿಂತಿರುತ್ತೆ. ವಿಂಡೋಸ್ ಪಕ್ಕದಲ್ಲೇ ಸುಖವಾಗಿ ಮಲಗಿರುತ್ತೆ, ಪಾಪ, ಎಬ್ಬಿಸೋರಿಲ್ಲ.

ರಿಪೇರಿಗೆ ವಿಂಡೋಸ್ 7ರ ಡಿವಿಡಿ ಬೇಕು. ಅದರಿಂದಲೇ ಕಂಪ್ಯೂಟರ್ ಶುರು ಮಾಡಿ. ಭಾಷೆ ಆರಿಸಿದ ಮೇಲೆ ‘ಇನ್‌ಸ್ಟಾಲ್ ನೌ’ ಅಂತ ದೊಡ್ಡದಾಗಿ ಬರುತ್ತೆ, ಅದನ್ನು ಒತ್ತಲೇಬಾರದು! ಕೆಳಗಡೆ ಚಿಕ್ಕದಾಗಿ ‘ರಿಪೇರ್ ಯುವರ್ ಕಂಪ್ಯೂಟರ್’ ಅಂತಿದೆ, ಅದನ್ನು ಒತ್ತಿ ‘ಕಮಾಂಡ್ ಪ್ರಾಂಪ್ಟ್’ಗೆ ಹೋಗಿ. ಅಲ್ಲಿ ಇಂಗ್ಲಿಷಿನಲ್ಲಿ ‘ಬೂಟ್‌ರೆಕ್’ ಎಂದು ಬರೆದು, ಒಂದಕ್ಷರದ ಜಾಗ ಬಿಟ್ಟು, ಓರೆಗೆರೆ ಹಾಕಿ, ಅದಕ್ಕೆ ಅಂಟಿಸಿಯೇ ‘ಫಿಕ್ಸ್‌ಎಂಬಿಆರ್’ ಎಂದು ಬರೆದು ಎಂಟರ್ ಒತ್ತಬೇಕು. ಇದು ಕೈಮರವನ್ನು ಮಾತ್ರ ಬದಲಾಯಿಸುತ್ತೆ, ಪಹಣಿ ಮುಟ್ಟೋದಿಲ್ಲ. ಅದಕ್ಕೇ ಕಡತಗಳಿಗೆ ಭಯವಿಲ್ಲ. ನಮ್ಮ ಅಂಕಪಟ್ಟಿಗಳೂ ಇದ್ದ ಹಾಗೇ ಸಿಕ್ಕವು. ಎಕ್ಸ್‌ಪಿ ಇದ್ದರೆ ಅದರ ಸಿಡಿಯ ‘ರಿಕವರಿ ಕನ್ಸೋಲ್’ನಲ್ಲಿ ಬರೀ ‘ಫಿಕ್ಸ್‌ಎಂಬಿಆರ್’ ಸಾಕು.

ನನ್ನನ್ನು ಕೇಳಿದರೆ, ಲಿನಕ್ಸ್ ಅಳಿಸೋ ಮೊದಲೇ ಈ ಕೆಲಸ ಮಾಡಿಕೊಳ್ಳಬೇಕು. ಆಗ ಕಪ್ಪು ಪರದೆ ಬರೋದೇ ಇಲ್ಲ.

ಗುರುಗಳ ಮನೆಯಲ್ಲಿ ಹೊಸ ಕಂಪ್ಯೂಟರ್ ಇದ್ದರೆ ಒಂದು ಮಾತು. ಈಚಿನವು ಯುಇಎಫ್‌ಐ ಎಂಬ ಬೇರೆ ಕ್ರಮದಲ್ಲಿ ಏಳುತ್ತವೆ. ಅವು ಈ ಕೈಮರದ ಕಡೆ ನೋಡೋದೇ ಇಲ್ಲ, ಹಾಗಾಗಿ ಅವಕ್ಕೆ ಈ ಔಷಧಿ ನಾಟೋದಿಲ್ಲ.